ಕೊಂಡ ವಸ್ತು, ಕೊಡದ ಕೀಲಿ

ಕ್ರಯವಿಕ್ರಯವೆಂಬುದು ಮನುಷ್ಯ ಸಮಾಜದ ಬಹು ಪ್ರಾಚೀನವಾದ ಒಪ್ಪಂದ. ಮಾರುವವನು ವಸ್ತುವನ್ನು ಕೊಡುತ್ತಾನೆ. ಕೊಳ್ಳುವವನು ಬೆಲೆಯನ್ನು ಕೊಡುತ್ತಾನೆ. ಅಲ್ಲಿಗೆ ಇಬ್ಬರ ಲೆಕ್ಕವೂ ಚುಕ್ತಾ ಆಗುತ್ತದೆ. ಕಂಚಿನ ತಂಬಿಗೆಯನ್ನು ಕೊಂಡವನು ಅದರಲ್ಲಿ ನೀರನ್ನು ತುಂಬಲಿ, ಹಾಲನ್ನು ತುಂಬಲಿ, ಕರಗಿಸಿ ಗಂಟೆಯನ್ನೇ ಎರಕ ಹೊಯ್ಯಿಸಲಿ, ಕಂಚುಗಾರನು ಬಂದು ಆಕ್ಷೇಪಿಸುವಂತಿಲ್ಲ. ವ್ಯಾಪಾರಧರ್ಮವು ನಿಂತಿರುವುದು ಈ ಸರಳವಾದ ನಂಬಿಕೆಯ ಮೇಲೆ. ಆದರೆ ಮಾರಾಟವಾದ ಮೇಲೂ ಮಾರಿದವನ ಬೀಗವೊಂದನ್ನು ತಮ್ಮೊಳಗೆ ಇರಿಸಿಕೊಂಡೇ ಬರುವ ವಸ್ತುಗಳು ಈಗ ಮನೆಮನೆಯನ್ನೂ ಸೇರಿವೆ. ವಸ್ತುವು ಕೊಂಡವನ ಕೈಯಲ್ಲಿದೆ. ಅದರ ಕೀಲಿಯು ಮಾರಿದವನ ಬಳಿಯೇ ಉಳಿದಿದೆ. ಆ ಬೀಗವನ್ನು ಕೊಂಡವನು ತಾನೇ ತೆರೆಯಬಹುದೆ? ತೆರೆದರೆ ಅದು ಕಳವಾಗುತ್ತದೆಯೆ? ಆಗದಿದ್ದರೆ, ಕಳವು ಎಲ್ಲಿಂದ ಆರಂಭವಾಗುತ್ತದೆ? ಅಚೌರ್ಯವನ್ನು ಅಣುವ್ರತವಾಗಿ ಸ್ವೀಕರಿಸಿದ ಗೃಹಸ್ಥನಿಗೆ ಇವು ಉಪೇಕ್ಷಿಸಬಹುದಾದ ಪ್ರಶ್ನೆಗಳಲ್ಲ.

ಈ ವಿಷಯವನ್ನು ಕೇವಲ ತರ್ಕದಿಂದ ಚರ್ಚಿಸುವುದಕ್ಕಿಂತ ನಿಜವಾಗಿ ನಡೆದ ಒಂದು ಪ್ರಸಂಗವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಉಚಿತ. ಪ್ರಸಂಗವು ಮಕ್ಕಳ ಆಟದ ಯಂತ್ರವೊಂದಕ್ಕೆ ಸಂಬಂಧಿಸಿದುದು. ಆಟದ ಸಾಮಾನೆಂದು ಹಗುರವಾಗಿ ಕಾಣಬೇಕಾಗಿಲ್ಲ. ಇಂದು ಗಡಿಯಾರದಿಂದ ಹಿಡಿದು ಮೋಟಾರು ವಾಹನದವರೆಗೆ ಎಲ್ಲ ಯಂತ್ರಗಳಲ್ಲಿಯೂ ಎದ್ದಿರುವ ಒಂದು ವ್ಯಾಜ್ಯವು ಮೊದಲು ಸ್ಪಷ್ಟವಾಗಿ ಕಾಣಿಸಿಕೊಂಡ ಕಡೆಗಳಲ್ಲಿ ಅದೂ ಒಂದು.

ಯಂತ್ರ ಮತ್ತು ಅದರ ದ್ವಾರಪಾಲಕ

ಜಪಾನಿನ ಸೋನಿ ಸಂಸ್ಥೆಯು ‘ಪ್ಲೇಸ್ಟೇಷನ್ ಪೋರ್ಟಬಲ್’, ಸಂಕ್ಷೇಪವಾಗಿ ಪಿಎಸ್‌ಪಿ, ಎಂಬ ಯಂತ್ರವನ್ನು 2004ರ ಡಿಸೆಂಬರ್ 12ರಂದು ತನ್ನ ದೇಶದಲ್ಲಿಯೂ 2005ರ ಮಾರ್ಚ್ 24ರಂದು ಅಮೆರಿಕದಲ್ಲಿಯೂ ಮಾರಾಟಕ್ಕೆ ತಂದಿತು. ಎರಡೂ ಕೈಗಳಲ್ಲಿ ಹಿಡಿದು ಆಡುವಂತಹ ಈ ಯಂತ್ರಕ್ಕೆ 4.3 ಅಂಗುಲದ ಪರದೆಯಿತ್ತು. ಆಟಗಳು ಯುಎಂಡಿ ಎಂಬ ಪುಟ್ಟ ತಟ್ಟೆಗಳಲ್ಲಿ ಬರುತ್ತಿದ್ದವು. ಹಾಡು, ಚಿತ್ರ ಮೊದಲಾದವನ್ನು ಇರಿಸಿಕೊಳ್ಳಲು ಮೆಮೊರಿ ಸ್ಟಿಕ್ ಎಂಬ ಬೆರಳುಗಾತ್ರದ ಪಟ್ಟಿಯನ್ನು ಸೇರಿಸಬಹುದಾಗಿತ್ತು. ಅಮೆರಿಕದಲ್ಲಿ ಆರಂಭದ ಬೆಲೆ ಸುಮಾರು 250 ಡಾಲರ್. ತಯಾರಿಕೆ ನಿಲ್ಲುವ ಹೊತ್ತಿಗೆ ಜಗತ್ತಿನಾದ್ಯಂತ 7.5 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾಗಿದ್ದವು.

ಇಂತಹ ಯಂತ್ರದೊಳಗೆ ಫರ್ಮ್‌ವೇರ್ ಎಂಬ ಮೂಲ ತಂತ್ರಾಂಶವಿರುತ್ತದೆ. ಗುಂಡಿಯನ್ನು ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ಅದೇ. ಯಾವ ಕ್ರಮವಿಧಿಯು ಒಳಗೆ ಬರಬಹುದು, ಯಾವುದು ಬರಬಾರದು ಎಂದು ನಿರ್ಣಯಿಸುವುದೂ ಅದೇ. ಸಂಸ್ಥೆಯು ಒಪ್ಪಿದ ಪ್ರತಿಯೊಂದು ಆಟಕ್ಕೂ ಗಣಿತದ ಕೀಲಿಯೊಂದರಿಂದ ಮುದ್ರೆಯನ್ನು ಒತ್ತಲಾಗುತ್ತದೆ. ಅರಸರ ಕಾಲದಲ್ಲಿ ಮುದ್ರೆಯುಂಗುರದ ಗುರುತಿಲ್ಲದ ಪತ್ರವನ್ನು ಕೋಟೆಯ ಬಾಗಿಲಲ್ಲಿಯೇ ತಡೆಯುತ್ತಿದ್ದಂತೆ, ಮುದ್ರೆಯಿಲ್ಲದ ಕ್ರಮವಿಧಿಯನ್ನು ಫರ್ಮ್‌ವೇರ್ ತಡೆಯುತ್ತದೆ. ಯಂತ್ರದ ಒಡೆಯನೇ ಬರೆದ ಕ್ರಮವಿಧಿಯಾದರೂ ಅದಕ್ಕೆ ಒಳಗೆ ಪ್ರವೇಶವಿಲ್ಲ.

ಹೀಗೆ ಮಾಡಲು ಸಂಸ್ಥೆಗೆ ಕಾರಣವಿತ್ತು. ಆಟದ ಯಂತ್ರಗಳ ಉದ್ಯಮದಲ್ಲಿ ಯಂತ್ರವನ್ನು ಅಲ್ಪ ಲಾಭಕ್ಕೆ, ಒಮ್ಮೊಮ್ಮೆ ನಷ್ಟಕ್ಕೇ ಮಾರಿ, ಆಟಗಳ ಮಾರಾಟದಿಂದಲೂ ಇತರ ತಯಾರಕರು ಕೊಡುವ ಪರವಾನಗಿ ಶುಲ್ಕದಿಂದಲೂ ಆದಾಯವನ್ನು ಪಡೆಯುವುದು ರೂಢಿ. ದೀಪವನ್ನು ಅಗ್ಗವಾಗಿ ಕೊಟ್ಟು ಎಣ್ಣೆಯಲ್ಲಿ ಲಾಭವನ್ನು ನೋಡುವ ವ್ಯಾಪಾರ ಇದು. ಇದರಲ್ಲಿ ಅಧರ್ಮವೇನೂ ಇಲ್ಲ. ಆದರೆ ದೀಪವು ಬೇರೆಯವರ ಎಣ್ಣೆಯಿಂದ ಉರಿಯಲೇಬಾರದೆಂದು ಅದರ ಬಾಯಿಗೆ ಬೀಗವನ್ನು ಹಾಕಿ ಮಾರಿದಾಗ ಪ್ರಶ್ನೆ ಏಳುತ್ತದೆ.

ಬೀಗವನ್ನು ತೆರೆದ ಬಗೆ

ಜಪಾನಿನಲ್ಲಿ ಮೊದಲು ಮಾರಾಟವಾದ ಯಂತ್ರಗಳ 1.00 ಫರ್ಮ್‌ವೇರ್ ಮುದ್ರೆಯನ್ನು ಸರಿಯಾಗಿ ಪರೀಕ್ಷಿಸುತ್ತಲೇ ಇರಲಿಲ್ಲ. 2005ರ ಮೇ ತಿಂಗಳಲ್ಲಿಯೇ ಹವ್ಯಾಸಿ ಪ್ರೋಗ್ರಾಮರುಗಳು ಇದನ್ನು ಕಂಡುಕೊಂಡು ತಮ್ಮ ಸಣ್ಣ ಕ್ರಮವಿಧಿಗಳನ್ನು ಅದರಲ್ಲಿ ಓಡಿಸಿದರು. ಅಮೆರಿಕಕ್ಕೆ ಬಂದ 1.50 ಫರ್ಮ್‌ವೇರ್ ಪರೀಕ್ಷಿಸುತ್ತಿತ್ತು. ಅದನ್ನು ದಾಟಲು ಅವರು ಹೂಡಿದ ಮೊದಲ ಉಪಾಯವು ಕಣ್ಕಟ್ಟಿನಂತಿತ್ತು: ಎರಡು ಮೆಮೊರಿ ಸ್ಟಿಕ್‌ಗಳಲ್ಲಿ ಮೊದಲನೆಯದನ್ನು ಯಂತ್ರಕ್ಕೆ ತೋರಿಸಿ, ಪರೀಕ್ಷೆ ಮುಗಿದೊಡನೆ ಅದನ್ನು ಥಟ್ಟನೆ ಎಳೆದು ಎರಡನೆಯದನ್ನು ಸೇರಿಸಿಬಿಡುವುದು. ಕೆಲವೇ ದಿನಗಳಲ್ಲಿ ಒಂದೇ ಸ್ಟಿಕ್ಕಿನಿಂದ ಅದನ್ನು ಸಾಧಿಸುವ ಕ್ರಮವೂ ಬಂತು.

ಯಂತ್ರದ ತಂತ್ರಾಂಶದಲ್ಲಿ ಉಳಿದುಹೋದ ಇಂತಹ ದೋಷವನ್ನು ಬಳಸಿಕೊಳ್ಳುವ ಉಪಾಯಕ್ಕೆ ಎಕ್ಸ್‌ಪ್ಲಾಯ್ಟ್ ಎಂದು ಹೆಸರು. 2.00 ಫರ್ಮ್‌ವೇರಿನಲ್ಲಿ ಟಿಫ್ ಎಂಬ ಬಗೆಯ ಚಿತ್ರಗಳನ್ನು ತೋರಿಸುವ ಭಾಗದಲ್ಲಿ ಅಂತಹ ದೋಷವಿತ್ತು. ಸೇರಿನ ಪಾತ್ರೆಗೆ ಸೇರುಕ್ಕಿಗಿಂತ ಹೆಚ್ಚು ಸುರಿದರೆ ಅದು ಪಕ್ಕದ ಪಾತ್ರೆಗೆ ಚೆಲ್ಲುವಂತೆ, ಬೇಕೆಂದೇ ಅಳತೆ ತಪ್ಪಿಸಿ ರಚಿಸಿದ ಚಿತ್ರವೊಂದನ್ನು ತೆರೆದಾಗ ಅದರೊಳಗಿನ ಅಂಕಿಗಳು ನೆನಪಿನ ಪಕ್ಕದ ಕೋಶಕ್ಕೆ ಹರಿಯುತ್ತಿದ್ದವು. ಯಂತ್ರವು ಅವನ್ನೇ ಆಜ್ಞೆಗಳೆಂದು ತಿಳಿದು ನೆರವೇರಿಸುತ್ತಿತ್ತು. ಸಂಸ್ಥೆಯು 2.01ರಲ್ಲಿ ಅದನ್ನು ಮುಚ್ಚಿತು. ಅನಂತರ ಜನಪ್ರಿಯ ಆಟವೊಂದರ ಉಳಿಸಿಟ್ಟ ಕಡತದಲ್ಲಿ ಮತ್ತೊಂದು ದೋಷ ಸಿಕ್ಕಿತು. ಹೀಗೆ ಒಂದು ಕಡೆ ಮುಚ್ಚಿದಂತೆ ಇನ್ನೊಂದು ಕಡೆ ತೆರೆಯುತ್ತ ಹೋಯಿತು. 2007ರ ಜೂನ್ ತಿಂಗಳಲ್ಲಿ ‘ಲುಮಿನೆಸ್’ ಎಂಬ ಹಳೆಯ ಆಟದಲ್ಲಿ ದೋಷವು ಕಂಡಾಗ, ಆ ಆಟದ ತಟ್ಟೆಗೆ ಅಂಗಡಿಗಳಲ್ಲಿ ಒಮ್ಮೆಲೇ ಬೇಡಿಕೆ ಏರಿತು. ಬೀಗವನ್ನು ತೆರೆಯಲು ಬಯಸಿದವರು ಅದಕ್ಕಾಗಿ ಒಂದು ಆಟವನ್ನು ನ್ಯಾಯವಾಗಿ ಕೊಳ್ಳಬೇಕಾಗಿ ಬಂದುದು ವಿನೋದವೇ ಸರಿ.

2006ರಲ್ಲಿ ‘ಡಾರ್ಕ್ ಅಲೆಕ್ಸ್’ ಎಂಬ ಗುಪ್ತನಾಮದ ಸ್ಪೇನಿನ ಪ್ರೋಗ್ರಾಮರ್ ಒಬ್ಬರು ಇನ್ನೂ ಮುಂದೆ ಹೋದರು. ಪ್ರತಿಬಾರಿಯೂ ಬಾಗಿಲಿನ ಸಂದನ್ನು ಹುಡುಕುವುದಕ್ಕೆ ಬದಲಾಗಿ ದ್ವಾರಪಾಲಕನನ್ನೇ ಬದಲಾಯಿಸಿದರು. ಸಂಸ್ಥೆಯ ಫರ್ಮ್‌ವೇರನ್ನೇ ತಿದ್ದಿ, ಮುದ್ರೆಯಿಲ್ಲದ ಕ್ರಮವಿಧಿಗಳನ್ನೂ ಒಳಗೆ ಬಿಡುವಂತೆ ರೂಪಿಸಿದರು. ಇದೇ ಕಸ್ಟಮ್ ಫರ್ಮ್‌ವೇರ್. 2007ರ ಆಗಸ್ಟ್‌ನಲ್ಲಿ ಯಂತ್ರದ ಬ್ಯಾಟರಿಯಲ್ಲಿಯೇ ಒಂದು ರಹಸ್ಯವಿದೆಯೆಂದು ಗೊತ್ತಾಯಿತು. ಬ್ಯಾಟರಿಯ ಕ್ರಮಸಂಖ್ಯೆಯನ್ನು ಒಂದು ವಿಶೇಷ ಸಂಖ್ಯೆಗೆ ಬದಲಾಯಿಸಿದರೆ, ಯಂತ್ರವು ತಾನು ದುರಸ್ತಿ ಕೇಂದ್ರದಲ್ಲಿದ್ದೇನೆಂದು ಭಾವಿಸಿ ಮೆಮೊರಿ ಸ್ಟಿಕ್ಕಿನಿಂದಲೇ ಎಚ್ಚರಗೊಳ್ಳುತ್ತಿತ್ತು. ‘ಪಂಡೋರ’ ಎಂದು ಹೆಸರಾದ ಈ ಉಪಾಯದಿಂದ ಸಂಪೂರ್ಣ ಕೆಟ್ಟು ನಿಂತಿದ್ದ ಯಂತ್ರಗಳೂ ಪುನಃ ಜೀವಂತವಾದವು. 2010ರ ಡಿಸೆಂಬರ್‌ನಲ್ಲಿ ಬರ್ಲಿನ್ ನಗರದ ಒಂದು ಸಮ್ಮೇಳನದಲ್ಲಿ ಸೋನಿಯದೇ ಮನೆಯಾಟದ ಯಂತ್ರವಾದ ಪ್ಲೇಸ್ಟೇಷನ್ 3ರ ಮುದ್ರೆಯ ದೋಷವನ್ನು ಬಹಿರಂಗಪಡಿಸಲಾಯಿತು. ಪ್ರತಿಯೊಂದು ಮುದ್ರೆಗೂ ಹೊಸದಾಗಿ ಆರಿಸಬೇಕಾಗಿದ್ದ ಗುಪ್ತಸಂಖ್ಯೆಯನ್ನು ಸಂಸ್ಥೆಯು ಬದಲಾಯಿಸದೆ ಒಂದನ್ನೇ ಬಳಸಿತ್ತು. ಅದರಿಂದ ಮೂಲ ಕೀಲಿಯನ್ನೇ ಲೆಕ್ಕ ಹಾಕಬಹುದಾಗಿತ್ತು. ಮರುತಿಂಗಳು ಪಿಎಸ್‌ಪಿಯ ಕೀಲಿಗಳೂ ಆ ಯಂತ್ರದೊಳಗಿನಿಂದಲೇ ಹೊರಬಂದವು. ಅಷ್ಟು ವರ್ಷ ಕಾದ ಬೀಗವು ಕೀಲಿಯನ್ನು ಇಟ್ಟವರ ಅಜಾಗರೂಕತೆಯಿಂದಲೇ ತೆರೆಯಿತು.

ಒಂದೇ ಬಾಗಿಲಿನಿಂದ ಹೋದ ಮೂವರು

ಬಾಗಿಲು ತೆರೆದ ಮೇಲೆ ಅದರ ಮೂಲಕ ಯಾರು ಯಾರು ಹೋದರು, ಏನೇನನ್ನು ತಂದರು ಎಂಬುದೇ ಇಲ್ಲಿ ನಿರ್ಣಾಯಕವಾದ ವಿಚಾರ.

ಮೊದಲನೆಯವನು ತನ್ನದೇ ಕ್ರಮವಿಧಿಯನ್ನು ಬರೆದವನು. ಆಟದ ಯಂತ್ರದಲ್ಲಿ ಪುಸ್ತಕವನ್ನು ಓದುವ ಸೌಕರ್ಯ ಇರಲಿಲ್ಲ; ‘ಬುಕರ್’ ಎಂಬ ಉಚಿತ ಕ್ರಮವಿಧಿಯಿಂದ ಅದು ಸಾಧ್ಯವಾಯಿತು. ಇನ್ನು ಕೆಲವರು ತಾವೇ ಹೊಸ ಆಟಗಳನ್ನು ರಚಿಸಿ ಉಚಿತವಾಗಿ ಹಂಚಿದರು. ಇವರು ಯಾರಿಂದಲೂ ಏನನ್ನೂ ಕಸಿದುಕೊಳ್ಳಲಿಲ್ಲ. ತಮ್ಮ ಹಣದಿಂದ ಕೊಂಡ ವಸ್ತುವಿಗೆ ತಮ್ಮ ಬುದ್ಧಿಯಿಂದ ಹೊಸ ಉಪಯೋಗವನ್ನು ಕಲ್ಪಿಸಿದರು.

ಎರಡನೆಯವನು ತಾನು ಕೊಂಡ ಆಟದ ಪ್ರತಿಯನ್ನು ತನಗಾಗಿಯೇ ಮಾಡಿಕೊಂಡವನು. ಯುಎಂಡಿ ತಟ್ಟೆಯು ತಿರುಗುವಾಗ ಬ್ಯಾಟರಿಯು ಬೇಗ ಬರಿದಾಗುತ್ತಿತ್ತು. ತಟ್ಟೆಯ ಪ್ಲಾಸ್ಟಿಕ್ ಕವಚವು ಬಿರುಕು ಬಿಡುತ್ತಿತ್ತು. ಬೆಲೆಯನ್ನು ತೆತ್ತ ಆಟವನ್ನು ಮೆಮೊರಿ ಸ್ಟಿಕ್ಕಿನಲ್ಲಿ ಇರಿಸಿಕೊಂಡು ಆಡಿದವನು ಇನ್ನೊಬ್ಬನ ಆದಾಯವನ್ನು ತಡೆಯಲಿಲ್ಲ. ಭಾರತದ ಕೃತಿಸ್ವಾಮ್ಯ ಕಾಯಿದೆಯೂ ಕಂಪ್ಯೂಟರ್ ಕ್ರಮವಿಧಿಯನ್ನು ನ್ಯಾಯವಾಗಿ ಹೊಂದಿರುವವನು ನಾಶದಿಂದ ರಕ್ಷಿಸಿಕೊಳ್ಳಲು ಅದರ ಪ್ರತಿಯನ್ನು ಮಾಡಿಕೊಳ್ಳುವುದನ್ನು ಅಪರಾಧವೆಂದು ಎಣಿಸುವುದಿಲ್ಲ.

ಮೂರನೆಯವನು ಬೆಲೆಯನ್ನೇ ಕೊಡದೆ ಇತರರ ಆಟಗಳನ್ನು ತುಂಬಿಕೊಂಡವನು. ಸಂಖ್ಯೆಯಲ್ಲಿ ಇವನ ಗುಂಪು ಚಿಕ್ಕದಾಗಿರಲಿಲ್ಲ. 2009ರ ಹೊತ್ತಿಗೆ ಸೋನಿಯ ಅಧಿಕಾರಿಗಳೇ ಈ ಯಂತ್ರದ ಆಟಗಳ ಮಾರಾಟಕ್ಕೆ ನಕಲು ಪ್ರತಿಗಳಿಂದ ದೊಡ್ಡ ಪೆಟ್ಟು ಬಿದ್ದಿದೆಯೆಂದು ಬಹಿರಂಗವಾಗಿ ಹೇಳಿಕೊಂಡರು. ಭಾರತದ ನಗರಗಳ ಎಲೆಕ್ಟ್ರಾನಿಕ್ ಅಂಗಡಿಸಾಲುಗಳಲ್ಲಿಯೂ ಯಂತ್ರಕ್ಕೆ ಮೇಲೊಂದಿಷ್ಟು ಹಣ ತೆತ್ತರೆ ಬೀಗವನ್ನು ತೆಗೆದು, ಹತ್ತಾರು ಆಟಗಳನ್ನು ತುಂಬಿ ಕೊಡುವ ಪದ್ಧತಿ ಬೆಳೆಯಿತು.

ಮೂವರಿಗೂ ಬಾಗಿಲು ಒಂದೇ, ಕೀಲಿ ಒಂದೇ. ಆದುದರಿಂದ ಬೀಗವನ್ನು ತೆರೆಯುವುದೆಲ್ಲ ಕಳವೆಂದು ಹೇಳುವವರ ಮಾತೂ, ಕೊಂಡ ಮೇಲೆ ಎಲ್ಲವೂ ತನ್ನದೆಂದು ಹೇಳುವವರ ಮಾತೂ ಏಕಾಂತಗಳೇ. ಚಾಕುವಿನಿಂದ ಹಣ್ಣನ್ನು ಹೆಚ್ಚುವವನನ್ನೂ ಹಿಂಸೆ ಮಾಡುವವನನ್ನೂ ಚಾಕುವಿನ ಒಂದು ಹೆಸರಿನಿಂದ ಕರೆಯಲಾಗದು. ವಸ್ತು ಯಾರದು, ಕೊಟ್ಟವರಾರು, ತೆಗೆದುಕೊಂಡವನ ಭಾವವೇನು ಎಂಬ ಮೂರನ್ನೂ ಕೂಡಿಸಿ ನೋಡಿದಾಗಲೇ ಕಾರ್ಯದ ನಿಜವಾದ ಸ್ವರೂಪ ತಿಳಿಯುತ್ತದೆ.

ಮಾರುವವನ ತಕ್ಕಡಿ

ಅಚೌರ್ಯಾಣುವ್ರತಕ್ಕೆ ಆಚಾರ್ಯರು ಹೇಳಿರುವ ಐದು ಅತಿಚಾರಗಳಲ್ಲಿ ಹೆಚ್ಚಿನವು ವ್ಯಾಪಾರಿಯನ್ನೇ ಉದ್ದೇಶಿಸಿದಂತಿವೆ ಎಂಬುದು ಗಮನಾರ್ಹ. ಅಳೆದು ಕೊಡುವಾಗ ಕಡಿಮೆಯನ್ನೂ ಅಳೆದುಕೊಳ್ಳುವಾಗ ಹೆಚ್ಚನ್ನೂ ಮಾಡುವುದು ಅವುಗಳಲ್ಲೊಂದು. ಕಿರುಕುಳ ಅಂಗಡಿಯ ಸೇರು ಪಾವುಗಳಿಗೆ ಮಾತ್ರ ಇದು ಅನ್ವಯಿಸುವುದೆಂದು ತಿಳಿಯಬಾರದು. ಮಾರುವಾಗ ಒಂದು ಅಳತೆ, ಮಾರಿದ ಮೇಲೆ ಮತ್ತೊಂದು ಅಳತೆಯಾದರೆ ಅದೂ ಹೀನಮಾನವೇ.

ಸೋನಿಯ ಪ್ಲೇಸ್ಟೇಷನ್ 3 ಯಂತ್ರವು 2006ರಲ್ಲಿ ಮಾರಾಟಕ್ಕೆ ಬಂದಾಗ ಅದರಲ್ಲಿ ಲಿನಕ್ಸ್ ಎಂಬ ಸ್ವತಂತ್ರ ಕಾರ್ಯವ್ಯವಸ್ಥೆಯನ್ನು ಸ್ಥಾಪಿಸುವ ಸೌಕರ್ಯವಿತ್ತು. ಅದನ್ನು ನೋಡಿಯೇ ಕೊಂಡವರೂ ಇದ್ದರು. 2010ರ ಏಪ್ರಿಲ್ 1ರಂದು ರಕ್ಷಣೆಯ ಕಾರಣವನ್ನು ಮುಂದೊಡ್ಡಿ ಸಂಸ್ಥೆಯು ಹೊಸ ಫರ್ಮ್‌ವೇರಿನ ಮೂಲಕ ಆ ಸೌಕರ್ಯವನ್ನು ತೆಗೆದುಹಾಕಿತು. ಹೊಸದನ್ನು ಹಾಕಿಕೊಳ್ಳದವರಿಗೆ ಜಾಲದ ಮೂಲಕ ಆಡುವ ಅವಕಾಶ ತಪ್ಪಿತು. ಹಣ ಪಡೆದು ಕೊಟ್ಟ ಕೊಠಡಿಯೊಂದಕ್ಕೆ ನಾಲ್ಕು ವರ್ಷದ ಬಳಿಕ ಹೊರಗಿನಿಂದ ಗೋಡೆ ಕಟ್ಟಿದಂತಾಯಿತು. ಅಮೆರಿಕದಲ್ಲಿ ಗ್ರಾಹಕರು ದಾವೆ ಹೂಡಿ, ವರ್ಷಗಳ ತರುವಾಯ ಪರಿಹಾರದ ಒಪ್ಪಂದವಾಯಿತು.

ಪಿಎಸ್‌ಪಿಯ ಕೊಳ್ಳುವವರಿಗೂ ಬೇರೆ ರೀತಿಯ ಅನುಭವವಾಯಿತು. 2009ರಲ್ಲಿ ಬಂದ ‘ಪಿಎಸ್‌ಪಿ ಗೋ’ ಎಂಬ ಮಾದರಿಯಲ್ಲಿ ತಟ್ಟೆಗೆ ಜಾಗವೇ ಇರಲಿಲ್ಲ. ಆಟವನ್ನು ಸಂಸ್ಥೆಯ ಜಾಲಮಳಿಗೆಯಿಂದಲೇ ಇಳಿಸಿಕೊಳ್ಳಬೇಕಾಗಿತ್ತು. 2021ರ ಮಾರ್ಚ್‌ನಲ್ಲಿ ಪ್ಲೇಸ್ಟೇಷನ್ 3, ಪಿಎಸ್‌ಪಿ, ವೀಟಾ ಮೂರು ಯಂತ್ರಗಳ ಮಳಿಗೆಗಳನ್ನೂ ಮುಚ್ಚುವುದಾಗಿ ಸಂಸ್ಥೆಯು ಪ್ರಕಟಿಸಿತು. ಗ್ರಾಹಕರ ವಿರೋಧದ ನಂತರ ಏಪ್ರಿಲ್‌ನಲ್ಲಿ ಉಳಿದೆರಡನ್ನು ಮುಂದುವರಿಸಿತು. ಪಿಎಸ್‌ಪಿ ಯಂತ್ರದಿಂದ ಖರೀದಿಸುವ ಸೌಕರ್ಯವು ಜುಲೈ 2ರಂದು ಕೊನೆಗೊಂಡಿತು. ನಿಂಟೆಂಡೊ ಸಂಸ್ಥೆಯೂ ತನ್ನ 3ಡಿಎಸ್ ಯಂತ್ರದ ಮಳಿಗೆಯಲ್ಲಿ ಖರೀದಿಯನ್ನು 2023ರ ಮಾರ್ಚ್ 27ರಂದು ನಿಲ್ಲಿಸಿತು.

ಅಂಗಡಿಯನ್ನು ಮುಚ್ಚುವ ಹಕ್ಕು ವ್ಯಾಪಾರಿಗೆ ಇದ್ದೇ ಇದೆ. ಯಾವ ಅಂಗಡಿಯೂ ಶಾಶ್ವತವಲ್ಲ. ಆದರೆ ಒಂದೇ ಅಂಗಡಿಯಿಂದ ಕೊಳ್ಳತಕ್ಕದ್ದೆಂದು ಬೀಗ ಹಾಕಿದವನು ಅಂಗಡಿಯನ್ನು ಮುಚ್ಚುವಾಗ ಬೀಗವನ್ನೂ ತೆಗೆದುಕೊಡುವುದು ಧರ್ಮ. ‘ಮಾರಿದ್ದೇನೆ’ ಎಂದು ಹಣವನ್ನು ಪಡೆದು, ‘ಉಪಯೋಗಿಸಲು ಅನುಮತಿ ಕೊಟ್ಟಿದ್ದೇನೆ ಅಷ್ಟೆ’ ಎಂದು ಸಣ್ಣಕ್ಷರದ ಕರಾರಿನಲ್ಲಿ ಬರೆಯುವುದು ಲೆಕ್ಕದ ಪುಸ್ತಕದಲ್ಲಿ ಕ್ರಯದ ಖಾತೆಗೂ ಬಾಡಿಗೆಯ ಖಾತೆಗೂ ಭೇದವನ್ನು ಮರೆಸುವ ಕೆಲಸ. ಬಾಡಿಗೆಯಾದರೆ ಬಾಡಿಗೆಯೆಂದೇ ಹೇಳಿ ಬಾಡಿಗೆಯ ದರವನ್ನು ಕೇಳಬೇಕು. ಕೊಂಡವನು ಬೀಗವನ್ನು ತೆರೆಯಲು ಹೊರಡುವುದಕ್ಕೆ ಎಷ್ಟೋ ವೇಳೆ ಮಾರಿದವನ ಈ ಎರಡು ನಾಲಿಗೆಯೇ ಕಾರಣವಾಗುತ್ತದೆ.

ಕೊಳ್ಳುವವನ ತಕ್ಕಡಿ

ಮಾರುವವನ ದೋಷವನ್ನು ಎಣಿಸುವುದರಿಂದ ಮೂರನೆಯವನ ದೋಷವು ಕಳೆಯುವುದಿಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳವೆಂಬ ಲಕ್ಷಣಕ್ಕೆ ಬೀಗವಾಗಲಿ ಕತ್ತಲೆಯಾಗಲಿ ಬೇಕಿಲ್ಲ. ಆದರೂ ಬೆಲೆ ಕೊಡದೆ ಆಟವನ್ನು ತುಂಬಿಕೊಂಡವರು ನಾಲ್ಕು ಸಮಾಧಾನಗಳನ್ನು ಹೇಳಿಕೊಳ್ಳುತ್ತಾರೆ; ಅವನ್ನು ಪರೀಕ್ಷಿಸುವುದು ಉಚಿತ.

ಪ್ರತಿಯನ್ನು ಮಾಡಿಕೊಂಡರೆ ಮೂಲವು ಮೂಲದಲ್ಲಿಯೇ ಇರುತ್ತದೆ, ಯಾರ ಕೈಯಿಂದಲೂ ಏನೂ ಹೋಗಲಿಲ್ಲವೆಂಬುದು ಮೊದಲನೆಯದು. ಮೂಲವು ಅಲ್ಲಿಯೇ ಇದೆಯೆಂಬುದು ಸತ್ಯ. ಅದಕ್ಕೆ ಸಲ್ಲಬೇಕಾದ ಪ್ರತಿಫಲವು ಮಾತ್ರ ಇಲ್ಲವಾಯಿತು. ಕೂಲಿಯವನಿಂದ ದಿನವಿಡೀ ಕೆಲಸವನ್ನು ಮಾಡಿಸಿಕೊಂಡು ಸಂಜೆ ಬರಿಗೈಯಲ್ಲಿ ಕಳುಹಿಸಿದವನೂ ಆತನ ಜೇಬಿನಿಂದ ಏನನ್ನೂ ತೆಗೆದಿರುವುದಿಲ್ಲ. ಆದರೂ ಅವನನ್ನು ಯಾರೂ ನಿರ್ದೋಷಿಯೆನ್ನರು.

ಹೇಗಿದ್ದರೂ ಕೊಳ್ಳುತ್ತಿರಲಿಲ್ಲ, ಆದುದರಿಂದ ನಷ್ಟವಿಲ್ಲವೆಂಬುದು ಎರಡನೆಯದು. ಇದು ಕೆಲವರ ವಿಷಯದಲ್ಲಿ ನಿಜವೂ ಇರಬಹುದು. ಆದರೆ ಕೊಳ್ಳುವಷ್ಟು ಬೇಡವಾದುದನ್ನು ಬಿಡುವಷ್ಟೂ ಬೇಡವಾಗಿರಲಿಲ್ಲವೆಂದರೆ ಉಳಿದುದೇನು? ಬರಿಯ ಲೋಭ. ಮೆಮೊರಿ ಸ್ಟಿಕ್ಕಿನಲ್ಲಿ ಐವತ್ತು ಆಟಗಳನ್ನು ಕೂಡಿಟ್ಟು ಎರಡನ್ನೂ ಪೂರ್ಣವಾಗಿ ಆಡದ ಹುಡುಗನ ಅವಸ್ಥೆಯು ಪರಿಗ್ರಹವೆಂಬುದಕ್ಕೆ ಸಾಕಷ್ಟು ದೊಡ್ಡ ವ್ಯಾಖ್ಯಾನ.

ಸಂಸ್ಥೆಯು ಶ್ರೀಮಂತವಾದುದು, ಅದಕ್ಕೆ ಇದು ಲೆಕ್ಕಕ್ಕಿಲ್ಲವೆಂಬುದು ಮೂರನೆಯದು. ಸಿರಿವಂತನ ಮನೆಯಲ್ಲಿ ಕದ್ದರೂ ಕಳವು ಕಳವೇ. ಮೇಲಾಗಿ ಪಿಎಸ್‌ಪಿಯ ಆಟಗಳನ್ನೆಲ್ಲ ಸೋನಿಯೇ ತಯಾರಿಸಲಿಲ್ಲ. ಬಹುಪಾಲು ಆಟಗಳು ಬೇರೆ ಸಂಸ್ಥೆಗಳವು. ಕೆಲವು ಬಹಳ ಸಣ್ಣವು. ಚಿತ್ರವನ್ನು ಬರೆದವನು, ಸಂಗೀತವನ್ನು ಕೂಡಿಸಿದವನು, ದೋಷಗಳನ್ನು ಹುಡುಕಿ ತಿದ್ದಿದವನು, ಇವರೆಲ್ಲರ ಸಂಬಳವೂ ಆ ಬೆಲೆಯಿಂದಲೇ ಬರಬೇಕು. ದೂರದಲ್ಲಿರುವ ಕಾರಣ ಅವರ ಮುಖವು ಕಾಣುವುದಿಲ್ಲ, ಅಷ್ಟೆ.

ಬೆಲೆಯು ಹೆಚ್ಚೆಂಬುದು ನಾಲ್ಕನೆಯದು. ಅಮೆರಿಕದ ಜೇಬಿಗೆ ತಕ್ಕಂತೆ ಗೊತ್ತುಮಾಡಿದ ಬೆಲೆಯು ಬಡದೇಶದ ಮಧ್ಯಮ ವರ್ಗಕ್ಕೆ ಭಾರವಾಗುವುದು ದಿಟ. ಈ ಮಾತಿಗೆ ಸ್ವಲ್ಪ ಸಹಾನುಭೂತಿ ಸಲ್ಲತಕ್ಕದ್ದೇ. ಆದರೆ ಆಟವು ಅನ್ನವಲ್ಲ, ಔಷಧವಲ್ಲ. ಇಲ್ಲದೆ ಇರಬಹುದಾದುದರ ಬೆಲೆಯು ಹೆಚ್ಚಾದಾಗ ಅದಿಲ್ಲದೆ ಇರುವುದೇ ಸಜ್ಜನರ ಮಾರ್ಗ.

ಅಂಗಡಿಯವನ ಪಾಲು

ಬೀಗವನ್ನು ತೆರೆಯುವ ವಿದ್ಯೆಯನ್ನು ಅಭ್ಯಾಸಕ್ಕಾಗಿ ಕಲಿತವನಿಗೂ, ಅದನ್ನು ನಕಲು ಆಟಗಳೊಡನೆ ಹಣಕ್ಕೆ ಮಾರಿದವನಿಗೂ ಅಂತರವಿದೆ. ಕಳವಿಗೆ ಪ್ರೇರೇಪಿಸುವುದು, ಕಳವಿನ ವಸ್ತುವನ್ನು ಸ್ವೀಕರಿಸುವುದು, ಇವೂ ಅತಿಚಾರಗಳಲ್ಲಿ ಸೇರಿವೆ. ಕಾರ್ಡಿಗೆ ಆಟಗಳನ್ನು ತುಂಬಿ ಕೊಟ್ಟ ಅಂಗಡಿಯವನು ಮೊದಲನೆಯದಕ್ಕೂ, ಗೊತ್ತಿದ್ದೂ ಕೊಂಡ ಗ್ರಾಹಕನು ಎರಡನೆಯದಕ್ಕೂ ಪಾಲುದಾರರು. ನಿಂಟೆಂಡೊ ಯಂತ್ರಗಳ ಬೀಗ ತೆರೆಯುವ ಸಾಧನಗಳನ್ನು ಜಗತ್ತಿನಾದ್ಯಂತ ಮಾರಿ ಲಾಭ ಮಾಡುತ್ತಿದ್ದ ಗುಂಪೊಂದರ ಸದಸ್ಯನಿಗೆ 2022ರ ಫೆಬ್ರವರಿಯಲ್ಲಿ ಅಮೆರಿಕದ ನ್ಯಾಯಾಲಯವು 40 ತಿಂಗಳ ಸೆರೆವಾಸವನ್ನು ವಿಧಿಸಿತು; 45 ಲಕ್ಷ ಡಾಲರುಗಳನ್ನು ತೆರಬೇಕೆಂದೂ ಆಜ್ಞೆಯಾಯಿತು.

ಒಂದರಂತೆ ತೋರುವ ಮತ್ತೊಂದನ್ನು ಕೊಡುವ ಪ್ರತಿರೂಪಕ ವ್ಯವಹಾರವೂ ಈ ದಾರಿಯಲ್ಲಿ ಕಾಣಿಸಿಕೊಂಡಿತು. 2005ರ ಅಕ್ಟೋಬರ್‌ನಲ್ಲಿ ಬೀಗವನ್ನು ತೆರೆಯುವ ಕ್ರಮವಿಧಿಯ ವೇಷದಲ್ಲಿ ಒಂದು ಮೋಸದ ಕ್ರಮವಿಧಿಯು ಹರಡಿತು. ಅದನ್ನು ಹಾಕಿಕೊಂಡವರ ಪಿಎಸ್‌ಪಿಯ ಮೂಲ ಕಡತಗಳು ಅಳಿಸಿಹೋಗಿ ಯಂತ್ರವು ಇಟ್ಟಿಗೆಯಂತೆ ನಿಷ್ಪ್ರಯೋಜಕವಾಯಿತು. ನಕಲಿ ಮೆಮೊರಿ ಸ್ಟಿಕ್‌ಗಳೂ ಕಳಪೆ ಬ್ಯಾಟರಿಗಳೂ ಪೇಟೆಯನ್ನು ತುಂಬಿದವು. ಪುಕ್ಕಟೆಯ ಆಸೆಯಿಂದ ಹೋದವನು ಇನ್ನೊಬ್ಬ ವಂಚಕನ ಕೈಗೆ ಸಿಕ್ಕಿದಾಗ ದೂರು ಕೊಡುವ ಬಾಗಿಲೂ ಅವನಿಗೆ ಇರಲಿಲ್ಲ.

ರಾಜ್ಯದ ನಿಯಮ

ರಾಜ್ಯದ ನ್ಯಾಯವಾದ ನಿಯಮವನ್ನು ಮೀರುವುದೂ ಗೃಹಸ್ಥನಿಗೆ ಸಲ್ಲದು. ಆದರೆ ಈ ವಿಷಯದಲ್ಲಿ ಕಾನೂನುಗಳೇ ಇನ್ನೂ ತಮ್ಮ ದಾರಿಯನ್ನು ಹುಡುಕುತ್ತಿವೆ. ಅಮೆರಿಕದ 1998ರ ಕಾಯಿದೆಯು ಕೃತಿಸ್ವಾಮ್ಯವನ್ನು ಕಾಯುವ ಬೀಗವನ್ನು ಮುರಿಯುವುದನ್ನೇ ನಿಷೇಧಿಸಿ, ಮೂರು ವರ್ಷಕ್ಕೊಮ್ಮೆ ವಿನಾಯಿತಿಗಳನ್ನು ಪರಿಶೀಲಿಸುವ ಏರ್ಪಾಡನ್ನು ಮಾಡಿತು. 2010ರಲ್ಲಿ ಮೊಬೈಲ್ ಫೋನಿನ ಬೀಗವನ್ನು ತೆರೆಯಲು ವಿನಾಯಿತಿ ದೊರೆಯಿತು. 2012ರಲ್ಲಿ ಆಟದ ಯಂತ್ರಗಳಿಗೆ ಅದನ್ನು ನಿರಾಕರಿಸಲಾಯಿತು. 2021ರಲ್ಲಿ ತಟ್ಟೆಯನ್ನು ಓದುವ ಭಾಗವು ಕೆಟ್ಟ ಯಂತ್ರಗಳನ್ನು ದುರಸ್ತಿ ಮಾಡುವಷ್ಟಕ್ಕೆ ಸೀಮಿತವಾದ ಅವಕಾಶ ಸಿಕ್ಕಿತು. ಭಾರತದಲ್ಲಿ 2012ರ ತಿದ್ದುಪಡಿಯ ಮೂಲಕ ಸೇರಿದ 65ಎ ಪ್ರಕರಣವು ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ಬೀಗವನ್ನು ಮುರಿದವನಿಗೆ ಎರಡು ವರ್ಷಗಳವರೆಗಿನ ಸೆರೆವಾಸವನ್ನೂ ದಂಡವನ್ನೂ ವಿಧಿಸುತ್ತದೆ. ಇಲ್ಲಿ ‘ಉದ್ದೇಶದಿಂದ’ ಎಂಬ ಪದವು ಮುಖ್ಯ. ಭಾವವನ್ನು ಬಿಟ್ಟು ಕ್ರಿಯೆಯನ್ನು ತೂಗಬಾರದೆಂಬ ವಿವೇಕವನ್ನು ಭಾರತದ ಶಾಸನವು ಈ ಒಂದು ಪದದಲ್ಲಿ ಉಳಿಸಿಕೊಂಡಿದೆ.

ರಕ್ಷಣೆಯ ಪ್ರಶ್ನೆ

ಇನ್ನೊಂದು ಪಕ್ಷವನ್ನೂ ಮರೆಯಲಾಗದು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇಕಡ 87ರಷ್ಟು ಇಂದು ಪೇಟೆಯಲ್ಲಿ ಹೊಸದಾಗಿ ಕೊಳ್ಳಲು ದೊರೆಯುವುದಿಲ್ಲ. ಮಾರುವವರೇ ಇಲ್ಲದ ಕೃತಿಗೆ ಬೆಲೆಯನ್ನು ಯಾರಿಗೆ ಕೊಡಬೇಕು? ಮಾಡಿದವರು ಬಿಟ್ಟುಹೋದ, ಕಾಯುವವರಿಲ್ಲದ ಕೃತಿಗಳನ್ನು ಬೀಗವನ್ನು ತೆರೆದು ಪ್ರತಿಮಾಡಿ ಕಾಪಾಡಿದವರು ಹೆಚ್ಚಾಗಿ ಹವ್ಯಾಸಿಗಳೇ.

ಈ ಸಂಕಟವು ಜೈನ ಸಮಾಜಕ್ಕೆ ಅಪರಿಚಿತವೇನೂ ಅಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯು ಧವಲಾದಿ ಗ್ರಂಥಗಳ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿತು. ಅದು ಕಾಯದಿದ್ದರೆ ಅವು ಉಳಿಯುತ್ತಲೇ ಇರಲಿಲ್ಲ. ಆದರೆ ಬಹುಕಾಲ ಅವು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕಾರ್ಯವು ಆರಂಭವಾದಾಗ, ಅದರ ನಡುವೆ ಗುಟ್ಟಾಗಿ ಸಿದ್ಧವಾದ ಒಂದು ಪ್ರತಿಯು ಉತ್ತರದೇಶವನ್ನು ಸೇರಿತು. ಅದರಿಂದ ಬೆಳೆದ ಪ್ರತಿಗಳ ಆಧಾರದಿಂದಲೇ 1939ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟವು ಮುದ್ರಣವಾಗಿ ವಿದ್ವಾಂಸರ ಕೈಸೇರಿತು. ಕಾಯ್ದವರನ್ನು ದೂರುವುದೂ ಸರಿಯಲ್ಲ, ಗುಟ್ಟನ್ನು ಧರ್ಮವೆನ್ನುವುದೂ ಸರಿಯಲ್ಲ. ಜ್ಞಾನವು ಉಳಿಯಬೇಕಾದರೆ ಕಾಯುವವರೂ ಬೇಕು, ಹಂಚುವವರೂ ಬೇಕೆಂಬುದೇ ಆ ಪ್ರಸಂಗದ ಪಾಠ. ಆಗಮಕ್ಕೂ ಆಟಕ್ಕೂ ಹೋಲಿಕೆಯಿಲ್ಲ. ಅಲ್ಲಿ ಯಾವ ಜೀವಂತ ಕರ್ತೃವಿನ ಅನ್ನಕ್ಕೂ ಕುಂದು ಬರಲಿಲ್ಲವೆಂಬ ಭೇದವನ್ನೂ ನೆನಪಿಡಬೇಕು. ಆದರೆ ಕೀಲಿಯನ್ನು ಹಿಡಿದವನ ಹೊಣೆಯು ಎರಡೂ ಕಡೆ ಒಂದೇ: ತಾನು ಕೊಡಲಾರೆನಾದಾಗ ಕೊಡಬಲ್ಲವರಿಗೆ ದಾರಿಯನ್ನು ಬಿಡುವುದು. ಅಮೆರಿಕದ ನಿಯಮಗಳು 2015ರಿಂದ ಸಂಗ್ರಹಾಲಯ, ಗ್ರಂಥಾಲಯಗಳಿಗೆ ಈ ಕಾರ್ಯದಲ್ಲಿ ಮಿತವಾದ ಅವಕಾಶವನ್ನು ಕೊಟ್ಟಿರುವುದು ಸರಿಯಾದ ದಿಕ್ಕಿನ ಹೆಜ್ಜೆ. ಹಸ್ತಪ್ರತಿಗಳನ್ನು ಗಣಕಯಂತ್ರಕ್ಕೆ ಏರಿಸುತ್ತಿರುವ ಟ್ರಸ್ಟುಗಳೂ ನಾಳೆ ತೆರೆಯಲಾಗದ ಪೆಟ್ಟಿಗೆಯಲ್ಲಿ ಇಂದಿನ ನಿಧಿಯನ್ನು ಇರಿಸದಂತೆ ಎಚ್ಚರ ವಹಿಸುವುದು ಒಳ್ಳೆಯದು.

ಮನೆಯೊಳಗಿನ ಪಾಠ

ಕೊನೆಗೆ ಈ ವಿಚಾರವು ಬಂದು ನಿಲ್ಲುವುದು ಮನೆಯ ನಡುಮನೆಯಲ್ಲಿಯೇ. ಒಬ್ಬ ತಂದೆಯು ಮಗನ ಹುಟ್ಟುಹಬ್ಬಕ್ಕೆ ಆಟದ ಯಂತ್ರವನ್ನು ಕೊಳ್ಳಲು ಹೋಗುತ್ತಾನೆಂದು ಭಾವಿಸಬಹುದು. ಅಂಗಡಿಯವನು ದನಿಯನ್ನು ತಗ್ಗಿಸಿ, ‘ಇನ್ನು ಸ್ವಲ್ಪ ಕೊಡಿ, ಐವತ್ತು ಆಟ ಹಾಕಿಕೊಡುತ್ತೇನೆ’ ಎನ್ನುತ್ತಾನೆ. ತಂದೆಯು ಲಾಭವಾಯಿತೆಂದು ಒಪ್ಪುತ್ತಾನೆ. ಪಕ್ಕದಲ್ಲಿ ನಿಂತ ಮಗನು ಆ ತಗ್ಗಿದ ದನಿಯನ್ನು ಕೇಳುತ್ತಾನೆ, ತಂದೆಯ ಮುಗುಳುನಗೆಯನ್ನು ನೋಡುತ್ತಾನೆ. ಪಾಠಶಾಲೆಯಲ್ಲಿ ಐದು ಅಣುವ್ರತಗಳ ಹೆಸರನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಮೂರನೆಯದರ ಅರ್ಥವನ್ನು ಅಂದು ಅಂಗಡಿಯಲ್ಲಿ ತಂದೆಯೇ ಬೋಧಿಸಿದಂತಾಗುತ್ತದೆ. ಮುಂದೆ ಆ ಮಗನೇ ಗಲ್ಲೆಯ ಮೇಲೆ ಕುಳಿತು ಎರಡು ಲೆಕ್ಕದ ಪುಸ್ತಕಗಳನ್ನು ಇಟ್ಟಾಗ, ಅವನು ಅದನ್ನು ಎಲ್ಲಿ ಕಲಿತನೆಂದು ತಂದೆಯು ಕೇಳಬೇಕಾಗಿಲ್ಲ.

ಅದೇ ತಂದೆಯು, ‘ಯಂತ್ರ ಸಾಕು, ಒಂದು ಆಟವನ್ನು ಬೆಲೆ ಕೊಟ್ಟು ಕೊಳ್ಳೋಣ, ಅದನ್ನು ಆಡಿ ಮುಗಿಸಿದ ಮೇಲೆ ಇನ್ನೊಂದು’ ಎಂದರೆ, ಆಗ ಕೊಂಡದ್ದು ಆಟವೊಂದೇ ಆಗುವುದಿಲ್ಲ. ಮಗನು ಬೆಳೆದು ಆ ಹಳೆಯ ಯಂತ್ರದ ಬೀಗವನ್ನು ತಾನೇ ತೆರೆದು, ಅದರಲ್ಲಿ ತನ್ನದೇ ಒಂದು ಪುಟ್ಟ ಕ್ರಮವಿಧಿಯನ್ನು ಓಡಿಸಿ ತೋರಿಸಿದರೆ ತಂದೆಯು ಸಂತೋಷಪಡಬಹುದು. ಅದು ಕುತೂಹಲ, ಕಳವಲ್ಲ.

ಹಿಂದಿನ ಕಾಲದಲ್ಲಿ ಕಳ್ಳನಿಗೆ ಗೋಡೆಯನ್ನು ಕೊರೆಯಬೇಕಾಗಿತ್ತು, ಕತ್ತಲೆಯನ್ನು ಕಾಯಬೇಕಾಗಿತ್ತು, ನಾಯಿಗೆ ಹೆದರಬೇಕಾಗಿತ್ತು. ಅಷ್ಟು ಅಡ್ಡಿಗಳಲ್ಲಿ ಎಲ್ಲಿಯಾದರೂ ಒಂದು ಕಡೆ ಅವನ ಮನಸ್ಸಾಕ್ಷಿಗೂ ಮಾತನಾಡಲು ಸಮಯ ಸಿಗುತ್ತಿತ್ತು. ಇಂದು ಬೆರಳಿನ ಒಂದು ಒತ್ತಿನಲ್ಲಿ ಎಲ್ಲವೂ ನಡೆದುಹೋಗುತ್ತದೆ. ನೋಡುವವರಿಲ್ಲ, ಕಳೆದುಕೊಂಡವನಿಗೂ ತಿಳಿಯದು. ಯಂತ್ರಕ್ಕೆ ಸಂಸ್ಥೆಯು ಹಾಕಿದ ಬೀಗಗಳೆಲ್ಲವೂ ಒಂದಲ್ಲ ಒಂದು ದಿನ ತೆರೆದುಕೊಂಡಿವೆ; ಮುಂದೆಯೂ ತೆರೆದುಕೊಳ್ಳುತ್ತವೆ. ಆದಕಾರಣ ಮಾರುವವನು ತಾನು ಕೊಟ್ಟದ್ದೆಷ್ಟೆಂಬುದನ್ನು ಬಿಚ್ಚಿ ಹೇಳಲಿ. ಕೊಳ್ಳುವವನು ತನಗೆ ಕೊಟ್ಟದ್ದೆಷ್ಟೆಂಬುದನ್ನು ಒಪ್ಪಿ ನಡೆಯಲಿ. ದಿನದ ಕೊನೆಯಲ್ಲಿ ಪ್ರತಿಕ್ರಮಣಕ್ಕೆ ಕುಳಿತ ಶ್ರಾವಕನು, ಅಂದು ತನ್ನ ಮನೆಯೊಳಗೆ ಬಂದ ಪ್ರತಿಯೊಂದು ವಸ್ತುವನ್ನೂ ಯಾರು ಕೊಟ್ಟರೆಂದು ಅಳುಕಿಲ್ಲದೆ ಹೇಳಬಲ್ಲವನಾದರೆ ಸಾಕು.